ರಿಜರ್ವ್ ಬ್ಯಾಂಕಿನ ಬೇಸಿಗೆಯ ಉಮೇದುವಾರಿಯೂ ನಮ್ಮ ಹೆಣ್ಣುಮಕ್ಕಳೂ

ಉಮೇದುವಾರಿ ಎಂಬ ಮಾತು ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಮನೆಗೂ ತಿಳಿದಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನು ತಾಲ್ಲೂಕು ಕಚೇರಿಯಲ್ಲಿಯೋ ಮುನಸೀಫರ ಕೋರ್ಟಿನಲ್ಲಿಯೋ ಸಂಬಳವಿಲ್ಲದೆ ಕುಳಿತು, ಕಾಗದಗಳನ್ನು ನಕಲು ಮಾಡುತ್ತ, ಶಿರಸ್ತೇದಾರರ ಮರ್ಜಿಯನ್ನು ಕಾಯುತ್ತ, ಯಾವುದಾದರೊಂದು ಸ್ಥಳವು ಖಾಲಿಯಾಗುವ ದಿನವನ್ನು ಎದುರುನೋಡುತ್ತಿದ್ದನು. ಹೆಣ್ಣುಮಗಳು ಉಮೇದುವಾರಿ ಮಾಡಿದಳೆಂಬ ಮಾತನ್ನು ಆ ಕಾಲದಲ್ಲಿ ಕೇಳಿದವರು ವಿರಳ. ಈಗ ಅದೇ ಪದ್ಧತಿಯು ಇಂಟರ್ನ್‌ಶಿಪ್ ಎಂಬ ಹೊಸ ಹೆಸರನ್ನು ಧರಿಸಿ ಮರಳಿ ಬಂದಿರುವುದು. ಮತ್ತು ಅದರ ಬಾಗಿಲು ಹುಡುಗಿಯರಿಗೂ ತೆರೆದಿರುವುದು. ತೆರೆದ ಬಾಗಿಲಿನಿಂದ ನಮ್ಮ ಹುಡುಗಿಯರು ಒಳಗೆ ಹೋಗುತ್ತಿರುವರೋ ಎಂಬುದು ಬೇರೆ ಪ್ರಶ್ನೆ. ಅದರ ವಿಷಯವಾಗಿಯೇ ನಾವು ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಬೇಕೆಂದಿರುವೆವು.

ಇಂಥ ಉಮೇದುವಾರಿಗಳು ಹಲವುಂಟು. ನಾವು ಇಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುವೆವು. ಅದು ಭಾರತದ ರಿಜರ್ವ್ ಬ್ಯಾಂಕಿನವರು ವರ್ಷಂಪ್ರತಿ ಬೇಸಿಗೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳಿಗೆ ಕೊಡುವ ತರಬೇತಿ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವಾಣಿಜ್ಯ, ಹಣಕಾಸು, ವ್ಯವಹಾರಾಡಳಿತ ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವವರೂ, ಐದು ವರ್ಷದ ಕೂಡುಪದವಿಯವರೂ, ಕಾನೂನು ಕಲಿಯುವವರೂ ಇದಕ್ಕೆ ಅರ್ಜಿ ಹಾಕಬಹುದು. ಆದರೆ ಅವರು ತಮ್ಮ ವ್ಯಾಸಂಗದ ಕೊನೆಯ ವರ್ಷಕ್ಕೆ ಹಿಂದಿನ ವರ್ಷದಲ್ಲಿರಬೇಕು. ಅಕ್ಟೋಬರ ೧೫ರಿಂದ ಡಿಸೆಂಬರ ೧೫ರ ವರೆಗೆ ಅರ್ಜಿಗಳನ್ನು ಸ್ವೀಕರಿಸಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಸಂದರ್ಶನ ನಡೆಯಿಸಿ, ಇಡೀ ದೇಶದಿಂದ ಹೆಚ್ಚೆಂದರೆ ೧೨೫ ಮಂದಿಯನ್ನು ಆರಿಸುವರು. ಏಪ್ರಿಲಿನಿಂದ ಜುಲೈಯೊಳಗಾಗಿ, ಮೂರು ತಿಂಗಳಿಗೆ ಮೀರದಂತೆ ಕೆಲಸ. ತಿಂಗಳಿಗೆ ೨೦,೦೦೦ ರೂಪಾಯಿ ವೇತನ. ಉಳಿದುಕೊಳ್ಳುವ ಏರ್ಪಾಡನ್ನು ವಿದ್ಯಾರ್ಥಿಯೇ ಮಾಡಿಕೊಳ್ಳತಕ್ಕದ್ದು. ಈ ಕೊನೆಯ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುವೆವು. ನಮ್ಮ ಲೇಖನದ ತಿರುಳು ಅದರಲ್ಲಿಯೇ ಇರುವುದು.

ರಿಜರ್ವ್ ಬ್ಯಾಂಕೆಂದರೆ ನಾವು ಹಣ ಕಟ್ಟುವ, ಬಿಡಿಸುವ ಬ್ಯಾಂಕುಗಳಂತೆ ಒಂದಲ್ಲ. ಅದು ಬ್ಯಾಂಕುಗಳಿಗೆ ಬ್ಯಾಂಕು, ಸರಕಾರಕ್ಕೂ ಬ್ಯಾಂಕು. ೧೯೨೬ರಲ್ಲಿ ಹಿಲ್ಟನ್ ಯಂಗ್ ಆಯೋಗದವರು ಶಿಫಾರಸು ಮಾಡಿ, ೧೯೩೪ರಲ್ಲಿ ಕಾಯಿದೆಯಾಗಿ, ೧೯೩೫ನೆಯ ಏಪ್ರಿಲ್ ೧ರಂದು ಕೆಲಸ ಪ್ರಾರಂಭಿಸಿತು. ಮೊದಲು ಕಲ್ಕತ್ತೆಯಲ್ಲಿದ್ದ ಕೇಂದ್ರ ಕಚೇರಿಯು ೧೯೩೭ರಲ್ಲಿ ಮುಂಬಯಿಗೆ ಬಂದಿತು. ಬರ್ಮಾ ದೇಶಕ್ಕೂ, ವಿಭಜನೆಯ ತರುವಾಯ ೧೯೪೮ನೆಯ ಜೂನ್ ತಿಂಗಳ ವರೆಗೆ ಪಾಕಿಸ್ತಾನಕ್ಕೂ ಇದೇ ಕೇಂದ್ರ ಬ್ಯಾಂಕಾಗಿತ್ತೆಂಬುದು ಈಗ ಎಷ್ಟು ಮಂದಿಗೆ ನೆನಪಿರುವುದೋ ಕಾಣೆವು. ಪಾಲುದಾರರ ಸ್ವತ್ತಾಗಿದ್ದ ಈ ಬ್ಯಾಂಕು ೧೯೪೯ನೆಯ ಜನವರಿ ೧ರಂದು ರಾಷ್ಟ್ರದ ಸ್ವತ್ತಾಯಿತು. ಅದೇ ವರ್ಷ ಅದರ ಗವರ್ನರರಾಗಿ ಬಂದು ೧೯೫೭ರ ವರೆಗೆ, ಎಂದರೆ ಎಲ್ಲರಿಗಿಂತಲೂ ದೀರ್ಘಕಾಲ, ಆ ಸ್ಥಾನದಲ್ಲಿದ್ದ ಬೆನಗಲ್ ರಾಮರಾಯರು ಮಂಗಳೂರು ಮೂಲದ ಮನೆತನದವರು. ನಮ್ಮ ನಾಡಿಗೂ ಆ ಬ್ಯಾಂಕಿಗೂ ಇರುವ ಸಂಬಂಧವು ಅಷ್ಟರಲ್ಲಿಯೇ ಮುಗಿಯುವುದಿಲ್ಲ. ೧೯೯೫ರಲ್ಲಿ ಸ್ಥಾಪಿತವಾದ, ರಿಜರ್ವ್ ಬ್ಯಾಂಕಿನದೇ ಆದ ನೋಟು ಮುದ್ರಣ ಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಇರುವುದು ಮೈಸೂರಿನಲ್ಲಿ. ಕೈಯಲ್ಲಿರುವ ನೋಟನ್ನು ಹಿಂದುಮುಂದು ಮಾಡಿ ನೋಡಿದರೆ, ಅದರ ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಬರೆದಿರುವ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ನಮ್ಮ ಶಾಲೆಯ ಎಷ್ಟು ಹುಡುಗಿಯರು ಇದನ್ನು ಗಮನಿಸಿರುವರೆಂದು ಒಂದು ದಿನ ತರಗತಿಯಲ್ಲಿ ಕೇಳಿ ನೋಡಬಹುದು.

ಅದಿರಲಿ. ಮುಂಬಯಿಯ ಆ ಎತ್ತರದ ಕಟ್ಟಡದೊಳಗೆ ನಡೆಯುವ ಕೆಲಸಕ್ಕೂ ನಮ್ಮ ಊರಿನ ಅಡಿಗೆಮನೆಗೂ ಏನು ನಂಟು ಎಂದು ಕೇಳುವ ತಾಯಂದಿರುಂಟು. ನಂಟು ಬಹಳ ಹತ್ತಿರದ್ದು. ೨೦೧೬ರಲ್ಲಿ ಕಾನೂನಿನ ಪ್ರಕಾರ ಆರು ಮಂದಿಯ ಒಂದು ಸಮಿತಿಯು ರಚಿತವಾಯಿತು. ಮೂವರು ಬ್ಯಾಂಕಿನವರು, ಮೂವರು ಸರಕಾರವು ನೇಮಿಸುವ ಹೊರಗಿನ ಪಂಡಿತರು. ಬೆಲೆಗಳ ಏರಿಕೆಯು ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟಿರಬೇಕು, ಎರಡಕ್ಕಿಂತ ಇಳಿಯಬಾರದು, ಆರಕ್ಕಿಂತ ಏರಬಾರದು ಎಂಬ ಗುರಿಯನ್ನು ಸರಕಾರವು ಅವರಿಗೆ ಗೊತ್ತುಮಾಡಿ ಕೊಟ್ಟಿತು. ಬೆಲೆ ಏರಿದರೆ ಅವರು ಬಡ್ಡಿಯ ದರವನ್ನು ಏರಿಸುವರು. ಬೇರೆ ಬ್ಯಾಂಕುಗಳು ರಿಜರ್ವ್ ಬ್ಯಾಂಕಿನಿಂದ ಸಾಲ ತರುವಾಗ ತೆರುವ ಬಡ್ಡಿ ಏರಿದರೆ, ಅವು ನಮಗೆ ಕೊಡುವ ಸಾಲದ ಬಡ್ಡಿಯೂ ಏರುವುದು. ೨೦೧೯ನೆಯ ಅಕ್ಟೋಬರ ೧ರಿಂದ ಬ್ಯಾಂಕುಗಳು ಕೊಡುವ, ಬಡ್ಡಿಯು ಏರಿಳಿಯುವ ಬಗೆಯ ಹೊಸ ಮನೆಸಾಲಗಳನ್ನು ಇಂಥ ಹೊರಗಿನ ದರವೊಂದಕ್ಕೆ ಕಟ್ಟಿಹಾಕಬೇಕೆಂದು ನಿಯಮವಾಗಿರುವುದರಿಂದ, ಆ ಆರು ಮಂದಿ ಮುಂಬಯಿಯಲ್ಲಿ ಕೈಯೆತ್ತಿದ ಕೆಲವು ತಿಂಗಳೊಳಗೆ ಹುಬ್ಬಳ್ಳಿಯಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದ ಉಪಾಧ್ಯಾಯಿನಿಯ ಮಾಸಿಕ ಕಂತಿನಲ್ಲಿ, ಇಲ್ಲವೆ ಕಂತುಗಳ ಸಂಖ್ಯೆಯಲ್ಲಿ, ವ್ಯತ್ಯಾಸ ಕಾಣುವುದು.

ಇನ್ನೊಂದು ಸಂಗತಿಯುಂಟು, ಇದು ನಮಗೆ ಹೆಚ್ಚು ಮನೋಹರವಾಗಿ ತೋರುವುದು. ೨೦೦೫ರಿಂದಲೂ ರಿಜರ್ವ್ ಬ್ಯಾಂಕಿನವರು ಬೆಂಗಳೂರು ಸೇರಿದಂತೆ ದೇಶದ ದೊಡ್ಡ ಪಟ್ಟಣಗಳಲ್ಲಿ ಮನೆಮನೆಗೆ ಜನರನ್ನು ಕಳುಹಿಸಿ, ಈಗ ಬೆಲೆಗಳು ಎಷ್ಟು ಏರಿವೆಯೆಂದು ನಿಮಗೆ ತೋರುತ್ತದೆ, ಮೂರು ತಿಂಗಳಿಗೆ ಏನಾಗಬಹುದು, ಒಂದು ವರ್ಷಕ್ಕೆ ಏನಾಗಬಹುದು ಎಂದು ಕೇಳಿ ಬರೆದುಕೊಳ್ಳುತ್ತ ಬಂದಿರುವರು. ಉತ್ತರ ಹೇಳುವವರನ್ನು ಉದ್ಯೋಗಕ್ಕನುಸಾರವಾಗಿ ವಿಂಗಡಿಸುವಾಗ, ನೌಕರರು, ಸ್ವಂತ ಕಸಬಿನವರು, ದಿನಗೂಲಿಯವರು, ನಿವೃತ್ತರು ಎಂಬ ವರ್ಗಗಳ ಜೊತೆಗೆ ಗೃಹಿಣಿಯರು ಎಂಬ ವರ್ಗವೂ ಇರುವುದು. ಮನೆಯಲ್ಲಿ ಕುಳಿತವಳಿಗೆ ಏನು ತಿಳಿದೀತು ಎಂದು ಮನೆಯವರೇ ಹೇಳುವ ಮಾತನ್ನು ರಿಜರ್ವ್ ಬ್ಯಾಂಕು ಒಪ್ಪುವುದಿಲ್ಲವೆಂದು ಇದರಿಂದ ಸ್ಪಷ್ಟವಾಗುವುದು.

ಈ ವಿಚಾರಣೆಯಲ್ಲಿ ಸಾಮಾನ್ಯವಾಗಿ ಕಂಡುಬರುವುದೇನೆಂದರೆ, ಸರಕಾರದ ಅಂಕಿ ತೋರಿಸುವುದಕ್ಕಿಂತ ಬೆಲೆಯೇರಿಕೆಯು ಹೆಚ್ಚೆಂದು ಜನರು ಹೇಳುವರು. ಜನರ ತಿಳಿವಳಿಕೆ ತಪ್ಪೆಂದು ಕೂಡಲೆ ತೀರ್ಮಾನಿಸಬಾರದು. ೨೦೧೨ನ್ನು ಆಧಾರವರ್ಷವಾಗಿಟ್ಟ ಬೆಲೆಸೂಚಿಯಲ್ಲಿ ಆಹಾರ ಪಾನೀಯಗಳಿಗೆ ನೂರಕ್ಕೆ ಸುಮಾರು ೪೬ರಷ್ಟು ತೂಕವಿತ್ತು. ಉಳಿದುದು ಬಾಡಿಗೆ, ಬಟ್ಟೆ, ಪ್ರಯಾಣ, ಔಷಧಿ ಮುಂತಾದವುಗಳದು. ಆದರೆ ದಿನಾಲು ಹಾಲು, ತರಕಾರಿ ಕೊಳ್ಳುವವಳ ಮನಸ್ಸಿನಲ್ಲಿ ಬೆಲೆಯೆಂದರೆ ಮೊದಲು ಹಾಲಿನದು, ತರಕಾರಿಯದು. ವರ್ಷಕ್ಕೊಮ್ಮೆ ಕೊಳ್ಳುವ ವಸ್ತುವಿನ ಬೆಲೆ ಇಳಿದದ್ದು ಅವಳಿಗೆ ನೆನಪಿರುವುದಿಲ್ಲ, ಮುಂಜಾನೆ ಕೊಂಡ ಸೊಪ್ಪಿನ ಬೆಲೆ ಏರಿದ್ದು ನೆನಪಿರುವುದು. ೨೦೨೩ನೆಯ ಜುಲೈಯಲ್ಲಿ ತಕ್ಕಾಳಿಯು ಕಿಲೋಗೆ ನೂರು ರೂಪಾಯಿಯನ್ನು ದಾಟಿದುದನ್ನು ಯಾವ ಗೃಹಿಣಿಯೂ ಮರೆತಿರಲಾರಳು. ಕೋಲಾರದ ಮಂಡಿಯಲ್ಲಿ ಪೆಟ್ಟಿಗೆಗಳನ್ನು ಕಾವಲಿನಲ್ಲಿಟ್ಟು ಮಾರುವ ಕಾಲ ಬಂದಿತೆಂದು ಆಗ ಜನರು ನಗುತ್ತಿದ್ದರು. ಆ ತಿಂಗಳು ದೇಶದ ಬೆಲೆಯೇರಿಕೆಯ ಅಂಕಿಯು ೭.೪೪ಕ್ಕೆ ಜಿಗಿದು, ಮೇಲೆ ಹೇಳಿದ ಆರರ ಗೆರೆಯನ್ನು ಮೀರಿ ಹೋಯಿತು. ಆದರೂ ತಕ್ಕಾಳಿಯ ಸಲುವಾಗಿ ಬಡ್ಡಿಯನ್ನು ಏರಿಸಬೇಕೋ, ಹೊಸ ಬೆಳೆ ಬಂದೊಡನೆ ತಾನೇ ಇಳಿಯುವುದೆಂದು ತಾಳಿಕೊಂಡಿರಬೇಕೋ ಎಂಬುದು ಸುಲಭದ ಪ್ರಶ್ನೆಯಲ್ಲ. ಆಗಸ್ಟಿನಲ್ಲಿ ಕೂಡಿದ ಸಮಿತಿಯವರು ಬಡ್ಡಿಯನ್ನು ಇದ್ದಂತೆಯೇ ಇಟ್ಟರು. ಅಮ್ಮನು ಬರೆದಿಡುವ ಮನೆಯ ಖರ್ಚಿನ ಪುಸ್ತಕವನ್ನು ನೋಡುತ್ತ ಬೆಳೆದ ಹುಡುಗಿಗೆ ಇಂಥ ಪ್ರಶ್ನೆಯು ಪರಕೀಯವಾಗಿ ತೋರಲಾರದು. ನಮ್ಮ ಅಭಿಪ್ರಾಯದಲ್ಲಿ ಅವಳು ಅದನ್ನು ವಿಚಾರಮಾಡುವುದಕ್ಕೆ ಇತರರಿಗಿಂತ ಹೆಚ್ಚು ಯೋಗ್ಯಳು.

ಈಗ ನಮ್ಮ ಶಾಲೆಯ ಸಂಗತಿಗೆ ಬರುವೆವು. ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಹತ್ತನೆಯ ತರಗತಿಯ ವರೆಗೆ ಓದಿ, ಮುಂದೆ ಬೇರೆ ಬೇರೆ ಊರುಗಳಲ್ಲಿ ಅರ್ಥಶಾಸ್ತ್ರದ ಎಂ.ಎ. ವ್ಯಾಸಂಗಕ್ಕೆ ಸೇರಿದ ಇಬ್ಬರು ಹುಡುಗಿಯರು ಈ ಬೇಸಿಗೆಯ ತರಬೇತಿಗೆ ಆರಿಸಲ್ಪಟ್ಟರು. ಒಬ್ಬಳು ಹೋದಳು, ಒಬ್ಬಳು ಹೋಗಲಿಲ್ಲ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ, ಬಲ್ಲವರು ಬಲ್ಲರು.

ಹೋದವಳಿಗೆ ಡೊಂಬಿವಿಲಿಯಲ್ಲಿ ಚಿಕ್ಕಮ್ಮನ ಮನೆಯಿತ್ತು. ಅಲ್ಲಿಂದ ದಿನಾಲು ಮುಂಜಾನೆ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿ, ಕೊನೆಯ ನಿಲ್ದಾಣದಲ್ಲಿಳಿದು, ಕೋಟೆಯ ಬೀದಿಗಳಲ್ಲಿ ನಡೆದು ಕಚೇರಿ ಸೇರುತ್ತಿದ್ದಳು. ಮೊದಲ ವಾರ ಕಾಲು ನೋವು, ಎರಡನೆಯ ವಾರ ಅಭ್ಯಾಸ ಎಂದು ಅವಳು ಹೇಳಿದಳು. ಅವಳನ್ನು ಒಬ್ಬ ಅಧಿಕಾರಿಯ ಕೈಕೆಳಗೆ ಇಟ್ಟು, ಒಂದು ಪ್ರಶ್ನೆಯನ್ನು ಕೊಟ್ಟು, ಅದಕ್ಕೆ ಸಂಬಂಧಪಟ್ಟ ಅಂಕಿಅಂಶಗಳನ್ನು ಕೂಡಿಸಿ ಬೇಸಿಗೆಯ ಕೊನೆಗೆ ವರದಿ ಬರೆದುಕೊಡಬೇಕೆಂದು ಹೇಳಿದ್ದರು. ಆ ಪ್ರಶ್ನೆ ಯಾವುದೆಂದು ಅವಳು ನಮಗೆ ತಿಳಿಸಲಿಲ್ಲ. ಒಳಗಿನ ಕಾಗದಪತ್ರಗಳ ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಮಾತು ಬರೆದುಕೊಟ್ಟಿರುವೆನೆಂದಳು. ನಮ್ಮಲ್ಲಿದ್ದಾಗ ಪರೀಕ್ಷೆಯ ದಿನದ ಸುದ್ದಿಯನ್ನು ಒಂದು ಗಂಟೆಯೂ ಬಾಯೊಳಗೆ ಇಟ್ಟುಕೊಳ್ಳಲಾರದಿದ್ದ ಹುಡುಗಿಯ ಬಾಯಿಂದ ಈ ಮಾತನ್ನು ಕೇಳಿ ನಾವು ಮನಸ್ಸಿನೊಳಗೆ ಸಂತೋಷಪಟ್ಟೆವು. ಮೊದಲ ಕರಡನ್ನು ಕೊಟ್ಟಾಗ ಅಧಿಕಾರಿಯು ಪುಟಪುಟದ ಅಂಚಿನಲ್ಲಿಯೂ, ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಬರೆದು ಹಿಂದಿರುಗಿಸಿದರಂತೆ. ಯಾವ ಅಂಕಿಯನ್ನು ಎಲ್ಲಿಂದ ತೆಗೆದೆ, ಯಾವ ತಿಂಗಳದ್ದು, ಆ ಮೇಲೆ ಅದನ್ನು ತಿದ್ದಿರುವರೋ, ಇವುಗಳಿಗೆ ಉತ್ತರವಿಲ್ಲದ ಒಂದು ವಾಕ್ಯವೂ ಉಳಿಯಕೂಡದು. ಎರಡು ವರ್ಷದ ಕಾಲೇಜಿನಲ್ಲಿ ಕಲಿಯದ್ದನ್ನು ಆ ಅಂಚಿನ ಬರಹಗಳಿಂದ ಕಲಿತೆನೆಂದು ಅವಳು ಹೇಳಿದಳು.

ಹೋಗದೆ ಉಳಿದವಳು ಮಲೆನಾಡಿನ ಒಂದು ಸಣ್ಣ ಊರಿನವಳು. ಬುದ್ಧಿಯಲ್ಲಿ ಮೊದಲಿನವಳಿಗಿಂತ ಕಡಿಮೆಯವಳಲ್ಲ. ಗಣಿತದಲ್ಲಿ ಒಂದು ಕೈ ಮೇಲೆಂದೇ ಅವಳಿಗೆ ಪಾಠ ಹೇಳಿದವರು ನೆನೆಯುವರು. ಮುಂಬಯಿಯಲ್ಲಿ ಅವರಿಗೆ ನೆಂಟರಿಲ್ಲ. ಹುಡುಗಿಯರ ವಸತಿಗೃಹಗಳಿಗೆ ಬರೆದು ಕೇಳಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಬಾಡಿಗೆಯ ಕೋಣೆಗೆ ಮುಂಗಡವನ್ನು ಮೊದಲೇ ಕೊಡಬೇಕು, ವೇತನವೋ ದುಡಿದ ಮೇಲೆ ಕೈಗೆ ಬರತಕ್ಕದ್ದು. ತಂದೆಯವರು ಯೋಚನೆ ಮಾಡುವೆನೆಂದರು, ಅಜ್ಜಿಯವರು ಊಟ ಬಿಟ್ಟರು, ದಿನಗಳು ಕಳೆದವು. ಬರುವ ವರ್ಷ ನೋಡೋಣ ಮಗಳೇ ಎಂದು ತಾಯಿಯು ಸಮಾಧಾನ ಹೇಳಿದಳು. ಆದರೆ ಬರುವ ವರ್ಷ ಅವಳು ಕೊನೆಯ ವರ್ಷದ ವಿದ್ಯಾರ್ಥಿನಿ. ಕೊನೆಯ ವರ್ಷದವರು ಅರ್ಜಿ ಹಾಕುವಂತಿಲ್ಲ. ಈ ನಿಯಮವು ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ತಿಳಿದಿತ್ತು. ಅವಳು ಅದನ್ನು ಹೇಳಿ ಹಟಮಾಡಲಿಲ್ಲ. ಈಗ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಗೌರವದಿಂದಿರುವಳು. ತಂದೆತಾಯಿಗಳ ಮೇಲೆ ದೂರು ಹೇಳುವವಳಲ್ಲ. ನಾವು ಕೇಳಿದ್ದರಿಂದ ಹೇಳಿದಳು, ಅಷ್ಟೆ.

ಈ ತಂದೆತಾಯಿಗಳನ್ನು ನಿಷ್ಠುರರೆನ್ನುವುದು ನ್ಯಾಯವಲ್ಲ. ಮಗಳನ್ನು ಎಂ.ಎ. ವರೆಗೆ ಓದಿಸಿದವರು ಅವರು. ಅವರ ಮನಸ್ಸಿನಲ್ಲಿದ್ದ ಸಂಶಯಗಳು ನಮ್ಮ ವಾಚಕರಲ್ಲಿ ಅನೇಕರ ಮನಸ್ಸಿನಲ್ಲಿಯೂ ಇರುವುದರಿಂದ ಅವುಗಳನ್ನು ಸ್ವಲ್ಪ ವಿಚಾರಿಸೋಣ.

ಮೊದಲನೆಯ ಮಾತು, ಇದರಿಂದ ನೌಕರಿ ದೊರೆಯುವುದೇ ಎಂಬುದು. ದೊರೆಯುವುದಿಲ್ಲ. ಇದನ್ನು ನಾವು ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡಿದ ಮಾತ್ರಕ್ಕೆ ಆ ಬ್ಯಾಂಕಿನ ಹುದ್ದೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಅಧಿಕಾರಿಗಳನ್ನು ಬೇರೆ ಸ್ಪರ್ಧಾಪರೀಕ್ಷೆಯಿಂದ ಆರಿಸುವರು. ಅದನ್ನು ಎಲ್ಲರಂತೆ ಬರೆಯಬೇಕು. ಹಳೆಯ ಉಮೇದುವಾರಿಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ. ಅಲ್ಲಿ ಕಲಿಯುವುದು ಅಲ್ಪ, ಕಾಯುವುದು ಬಹಳ. ಇಲ್ಲಿ ಕಾಯುವುದೇ ಇಲ್ಲ, ಮೂರು ತಿಂಗಳಿಗೆ ಬಾಗಿಲು ಮುಚ್ಚುವುದು. ಹಾಗಾದರೆ ಏತಕ್ಕೆ ಹೋಗಬೇಕೆಂದರೆ, ನಮ್ಮ ಊರಿನ ಹುಡುಗಿಗೆ ಪುಸ್ತಕದಲ್ಲಿ ಓದಿದ ಸಂಗತಿಯು ಮೇಜಿನ ಮೇಲೆ ಹೇಗೆ ನಡೆಯುವುದೆಂದು ನೋಡುವ ಅವಕಾಶವು ಬೇರೆಲ್ಲಿಯೂ ಇಲ್ಲ. ದೊಡ್ಡ ಪಟ್ಟಣದ ಹುಡುಗಿಗೆ ತಂದೆಯ ಸ್ನೇಹಿತರಲ್ಲಿ ಒಬ್ಬ ಬ್ಯಾಂಕಿನ ಅಧಿಕಾರಿ, ಒಬ್ಬ ಪ್ರೊಫೆಸರರು ಇರುವರು; ಊಟದ ಹೊತ್ತಿನಲ್ಲಿಯೇ ಅವಳು ಅರ್ಧ ಕಲಿತುಬಿಡುವಳು. ನಮ್ಮವಳಿಗೆ ಆ ಅರ್ಧವು ದೊರೆಯಬೇಕಾದರೆ ಇಂಥ ಮೂರು ತಿಂಗಳೇ ಬೇಕು.

ಎರಡನೆಯ ಮಾತು ಮದುವೆಯದು. ಮಗಳು ಮುಂಬಯಿಯಲ್ಲಿ ಒಬ್ಬಳೇ ಇದ್ದು ಬಂದಳೆಂದರೆ ಗಂಡಿನ ಕಡೆಯವರು ಏನೆನ್ನುವರೋ ಎಂಬ ಅಂಜಿಕೆಯನ್ನು ಇಂದಿಗೂ ಕೆಲವರು ತಗ್ಗಿದ ದನಿಯಲ್ಲಿ ನಮ್ಮ ಮುಂದೆ ಹೇಳುವರು. ಇದಕ್ಕೆ ನಾವು ದೀರ್ಘವಾದ ಉತ್ತರವನ್ನು ಬರೆಯಲೊಲ್ಲೆವು. ರಿಜರ್ವ್ ಬ್ಯಾಂಕಿನಲ್ಲಿ ಒಂದು ಬೇಸಿಗೆ ದುಡಿದುದನ್ನು ಕುಂದೆಂದು ಎಣಿಸುವ ಮನೆಗೆ ಹೆಣ್ಣು ಕೊಡದಿರುವುದೇ ಕ್ಷೇಮ.

ಮೂರನೆಯದು ವಸತಿಯ ಮತ್ತು ಖರ್ಚಿನ ಮಾತು. ಇದು ನಿಜವಾದ ಕಷ್ಟ. ಇದನ್ನು ಉಪದೇಶದಿಂದ ಪರಿಹರಿಸಲಾಗದು. ಆದುದರಿಂದ ಇದರ ವಿಷಯವಾಗಿ ಕೊನೆಯಲ್ಲಿ ಬರೆಯುವೆವು.

ಹೆಣ್ಣುಮಕ್ಕಳಿಗೂ ಕೇಂದ್ರ ಬ್ಯಾಂಕುಗಳಿಗೂ ಇರುವ ಸಂಬಂಧದ ಚರಿತ್ರೆಯು ವಿಚಿತ್ರವಾದುದು. ೧೬೯೪ರಲ್ಲಿ ಹುಟ್ಟಿದ ಇಂಗ್ಲೆಂಡಿನ ಬ್ಯಾಂಕು ಸ್ತ್ರೀಯರನ್ನು ಗುಮಾಸ್ತೆಯರಾಗಿ ತೆಗೆದುಕೊಂಡದ್ದು ಸರಿಯಾಗಿ ಎರಡು ನೂರು ವರ್ಷಗಳ ತರುವಾಯ, ೧೮೯೪ರಲ್ಲಿ. ಅದೂ ಮರಳಿ ಬಂದ ನೋಟುಗಳನ್ನು ವಿಂಗಡಿಸಿ ಎಣಿಸುವುದಕ್ಕೆ. ಅದೇ ೧೮೯೪ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಹುಡುಗಿಯರಿಗಾಗಿ ಕೆನರಾ ಶಾಲೆಯನ್ನು ತೆರೆದರು. ಹನ್ನೆರಡು ವರ್ಷಗಳ ಮೇಲೆ, ೧೯೦೬ರಲ್ಲಿ, ಈಗ ಕೆನರಾ ಬ್ಯಾಂಕೆಂದು ಹೆಸರಾದ ನಿಧಿಯನ್ನೂ ಸ್ಥಾಪಿಸಿದರು. ಹೆಣ್ಣುಮಕ್ಕಳ ಶಾಲೆ ಮೊದಲು, ಬ್ಯಾಂಕು ಆಮೇಲೆ. ಈ ಕ್ರಮವನ್ನು ನಾವು ಆಗಾಗ ನೆನೆದುಕೊಳ್ಳುವುದುಂಟು. ೧೯೨೮ರಲ್ಲಿ ಕರಾವಳಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿ, ದಿನಕ್ಕೆರಡಾಣೆಯಂತೆ ಮನೆಬಾಗಿಲಿಗೆ ಬಂದು ಹಣ ಕೂಡಿಸತೊಡಗಿದಾಗ, ಸೆರಗಿನ ಗಂಟಿನಲ್ಲಿಯೂ ಸಾಸಿವೆಯ ಡಬ್ಬಿಯಲ್ಲಿಯೂ ಇರುತ್ತಿದ್ದ ಬಿಡಿಕಾಸು ಬ್ಯಾಂಕು ಸೇರುವುದಕ್ಕೆ ದಾರಿಯಾಯಿತು. ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾದರೂ ಪಿಗ್ಮಿ ಎಂಬ ಮಾತು ನಮ್ಮ ಜನರ ಬಾಯಲ್ಲಿ ಉಳಿದಿರುವುದು.

ರಿಜರ್ವ್ ಬ್ಯಾಂಕಿನಲ್ಲಿ ಡೆಪ್ಯುಟಿ ಗವರ್ನರ್ ಸ್ಥಾನಕ್ಕೆ ಒಬ್ಬ ಸ್ತ್ರೀಯು ಏರಿದುದು ೨೦೦೩ರಲ್ಲಿ, ಅವರು ಕೆ. ಜೆ. ಉದೇಶಿಯವರು. ಬ್ಯಾಂಕು ಸ್ಥಾಪಿತವಾಗಿ ಆಗ ೬೮ ವರ್ಷಗಳಾಗಿದ್ದವು. ಅವರ ಹಿಂದೆಯೇ ಶ್ಯಾಮಲಾ ಗೋಪಿನಾಥರೂ ಉಷಾ ಥೋರಾತರೂ ಬಂದರು. ೨೦೨೫ರಲ್ಲಿ ಪೂನಂ ಗುಪ್ತರು ಬಂದರು. ಬಡ್ಡಿಯ ಸಮಿತಿಯಲ್ಲಿ ಮೊದಲು ಕುಳಿತ ಸ್ತ್ರೀಯು ದೆಹಲಿಯ ಪ್ರಾಧ್ಯಾಪಿಕೆ ಪಾಮಿ ದುವಾ ಅವರು. ಆದರೆ ಗವರ್ನರರೋ? ೨೦೨೪ನೆಯ ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡವರು ಇಪ್ಪತ್ತಾರನೆಯವರು. ಆ ಇಪ್ಪತ್ತಾರು ಮಂದಿಯಲ್ಲಿ ಒಬ್ಬ ಸ್ತ್ರೀಯೂ ಇಲ್ಲ. ಅಮೆರಿಕೆಯಲ್ಲಿ ೨೦೧೪ರಲ್ಲಿ ಜಾನೆಟ್ ಯೆಲೆನರೂ, ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ ೨೦೧೯ರಲ್ಲಿ ಕ್ರಿಸ್ಟೀನ್ ಲಗಾರ್ಡರೂ ಅಂಥ ಪೀಠವನ್ನು ಏರಿರುವಾಗ ನಮ್ಮಲ್ಲಿ ಏಕಾಗಲಿಲ್ಲವೆಂದು ಕೇಳುವವರು, ಎಂ.ಎ. ತರಗತಿಯಿಂದ ಮುಂಬಯಿಯ ವರೆಗಿನ ದಾರಿಯಲ್ಲಿ ಎಷ್ಟು ಮಂದಿ ಹುಡುಗಿಯರು ಅರ್ಧಕ್ಕೆ ಇಳಿದುಹೋಗುವರೆಂಬುದನ್ನೂ ಕೇಳಬೇಕು.

ಬ್ಯಾಂಕಿನವರ ಏರ್ಪಾಡಿನಲ್ಲಿಯೂ ನಮಗೆ ಒಂದು ಕೊರತೆ ಕಾಣುವುದು. ವೇತನ ಕೊಡುವರು, ಅದು ಪ್ರಶಂಸನೀಯ. ಆದರೆ ವಸತಿ ಕೊಡುವುದಿಲ್ಲ. ಕೆಲಸವು ಬಹುಮಟ್ಟಿಗೆ ಮುಂಬಯಿಯ ಕೇಂದ್ರ ಕಚೇರಿಯ ವಿಭಾಗಗಳಲ್ಲಿ. ಮುಂಬಯಿಯಲ್ಲಿ ಮನೆಯಿದ್ದವರಿಗೂ, ಕೈಯಲ್ಲಿ ಹಣವಿದ್ದವರಿಗೂ ಇದರಿಂದ ತೊಂದರೆಯಿಲ್ಲ. ಉಳಿದವರಲ್ಲಿ ಹುಡುಗರು ನಾಲ್ಕೈದು ಮಂದಿ ಸೇರಿ ಒಂದು ಕೋಣೆಯಲ್ಲಿ ಹೇಗೋ ಕಾಲ ಕಳೆಯುವರು. ಹುಡುಗಿಯರ ಪಾಲಿಗೆ ಅದು ಅಷ್ಟು ಸುಲಭವಲ್ಲ. ಹೀಗೆ ಸಂದರ್ಶನದಲ್ಲಿ ಗೆದ್ದ ಹುಡುಗಿಯನ್ನು ಬಾಡಿಗೆಯ ಕೋಣೆಯು ಸೋಲಿಸುವುದು. ಆರಿಸಿದವರಲ್ಲಿ ದೂರದಿಂದ ಬರುವ ಹುಡುಗಿಯರಿಗಾದರೂ ಬ್ಯಾಂಕು ತಂಗುವ ಏರ್ಪಾಡನ್ನು ಮಾಡಬೇಕು. ಇಲ್ಲವೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವಂಥ ಪ್ರಾಂತೀಯ ಕಚೇರಿಗಳಲ್ಲಿ ಹೆಚ್ಚು ಮಂದಿಗೆ ಅವಕಾಶ ಕಲ್ಪಿಸಬೇಕು. ನೂರಿಪ್ಪತ್ತೈದು ಮಂದಿಯಲ್ಲಿ ಅಂಥವರು ಎಷ್ಟಾಗಬಹುದು? ದೇಶದ ನೋಟುಗಳನ್ನೆಲ್ಲ ಅಚ್ಚುಮಾಡಿಸುವವರಿಗೆ ಇದು ಹೊರೆಯಾಗಲಾರದು.

ಇನ್ನು ಇಂಟರ್ನ್‌ಶಿಪ್ ಎಂಬ ಹೆಸರು ಕಂಡಲ್ಲೆಲ್ಲ ಮಗಳನ್ನು ಕಳುಹಿಸಿರೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ಖಾಸಗಿ ಕಚೇರಿಗಳಲ್ಲಿ ಕೆಲವು, ಗುಮಾಸ್ತೆಯ ಸಂಬಳ ಉಳಿಸುವುದಕ್ಕಾಗಿಯೇ ವಿದ್ಯಾರ್ಥಿನಿಯರನ್ನು ಕರೆದುಕೊಂಡು, ಎರಡು ತಿಂಗಳು ಪಟ್ಟಿಗಳನ್ನು ತುಂಬಿಸಿ, ಕೊನೆಗೆ ಒಂದು ಪ್ರಮಾಣಪತ್ರವನ್ನು ಕೈಗೆ ಕೊಟ್ಟು ಕಳುಹಿಸುವುದನ್ನು ನಾವು ಬಲ್ಲೆವು. ಕೆಲವರು ಆ ಪ್ರಮಾಣಪತ್ರಕ್ಕೆ ಹುಡುಗಿಯರಿಂದಲೇ ಹಣ ಕೇಳುವುದೂ ಉಂಟು. ಅಂಥದು ನಮ್ಮ ಅಜ್ಜಂದಿರ ಉಮೇದುವಾರಿಗಿಂತಲೂ ಕೀಳು. ಅಲ್ಲಿ ಸಂಬಳವಿಲ್ಲದಿದ್ದರೂ ಕೈಯಿಂದ ಕೊಡುವ ಪ್ರಮೇಯವಿರಲಿಲ್ಲ. ನಿನಗೆ ಕೆಲಸ ಕಲಿಸುವವರು ಯಾರು, ಏನು ಕಲಿಸುವರು, ಏನು ಕೊಡುವರು ಎಂಬ ಮೂರು ಪ್ರಶ್ನೆಗಳಿಗೆ ಮಗಳು ಸ್ಪಷ್ಟವಾದ ಉತ್ತರ ತಂದರೆ ಮಾತ್ರ ಹೊರಡಿಸಬಹುದು.

ಇಷ್ಟೆಲ್ಲ ಎಂ.ಎ. ಓದುವವರ ಮಾತಾಯಿತು, ಹೈಸ್ಕೂಲಿನ ಸಂಚಿಕೆಯಲ್ಲಿ ಇದರ ಪ್ರಸ್ತಾಪವೇಕೆಂದು ಕೇಳಬಹುದು. ಯಾತಕ್ಕೆಂದರೆ, ಆ ದಾರಿಯು ಕವಲೊಡೆಯುವುದು ಮುಂಬಯಿಯಲ್ಲಲ್ಲ, ಹತ್ತನೆಯ ತರಗತಿಯ ಫಲಿತಾಂಶದ ವಾರದಲ್ಲಿ. ಆ ವಾರ ಪಿ.ಯು.ಸಿ.ಗೆ ವಿಷಯಗಳನ್ನು ಆರಿಸುವಾಗ, ವೈದ್ಯಕೀಯಕ್ಕಾಗಲಿ ಯಂತ್ರಶಾಸ್ತ್ರಕ್ಕಾಗಲಿ ಹೋಗದ ಹುಡುಗಿಯು ಗಣಿತವನ್ನು ಬಿಟ್ಟುಬಿಡುವಳು. ಅರ್ಥಶಾಸ್ತ್ರ ತೆಗೆದುಕೊಳ್ಳುವವಳಿಗೆ ಗಣಿತವೇಕೆ ಎಂದು ನೆರೆಮನೆಯವರೂ ಹೇಳುವರು, ನಮ್ಮ ಉಪಾಧ್ಯಾಯಿನಿಯರಲ್ಲಿಯೂ ಕೆಲವರು ಹೇಳುವರು. ಈ ಮಾತು ಹಳೆಯದಾಯಿತು. ಈಗಿನ ಅರ್ಥಶಾಸ್ತ್ರದ ಮೇಲ್ತರಗತಿಗಳಲ್ಲಿ ಗಣಿತವೂ ಸಂಖ್ಯಾಶಾಸ್ತ್ರವೂ ಇಲ್ಲದೆ ಒಂದು ಪುಟವೂ ಮುಂದೆ ಸಾಗದು. ಹದಿನಾರನೆಯ ವಯಸ್ಸಿನಲ್ಲಿ ಕೈಬಿಟ್ಟದ್ದನ್ನು ಇಪ್ಪತ್ತೊಂದರಲ್ಲಿ ಮರಳಿ ಹಿಡಿಯುವುದು ಬಹು ಪ್ರಯಾಸದ ಕೆಲಸ. ಕಲೆಯನ್ನೋ ವಾಣಿಜ್ಯವನ್ನೋ ಆರಿಸುವವಳು ಅದರ ಜೊತೆಗೆ ಸಂಖ್ಯಾಶಾಸ್ತ್ರವನ್ನು ಅಥವಾ ಮೂಲಗಣಿತವನ್ನು ತೆಗೆದುಕೊಳ್ಳುವ ಅನುಕೂಲವು ಅನೇಕ ಕಾಲೇಜುಗಳಲ್ಲಿ ಉಂಟು. ಗಣಿತದಲ್ಲಿ ಮಗಳಿಗೆ ಅಂಕಗಳು ಸಾಧಾರಣವಾಗಿ ಬಂದುವೆಂದು ತಂದೆತಾಯಿಗಳು ಅದನ್ನು ಬಿಡಿಸಬಾರದು. ಸಾಧಾರಣವಾದ ಅಂಕಗಳನ್ನು ತಂದ ಗಂಡುಮಗನಿಗೆ ಅವರು ಮನೆಪಾಠ ಹೇಳಿಸುವುದನ್ನು ನಾವು ನೋಡಿರುವೆವು.

ಈಗ ವಸತಿಯ ಮಾತು. ಬ್ಯಾಂಕಿನವರು ಏರ್ಪಾಡು ಮಾಡುವ ತನಕ ನಾವು ಕೈಕಟ್ಟಿ ಕುಳಿತಿರಬೇಕಾದ ಅಗತ್ಯವಿಲ್ಲ. ಮುಂಬಯಿಯಲ್ಲಿ ವೈ.ಡಬ್ಲ್ಯು.ಸಿ.ಎ. ಸಂಘದವರ ವಸತಿಗೃಹಗಳುಂಟು, ದುಡಿಯುವ ಹೆಂಗಸರಿಗಾಗಿ ಬೇರೆಯವರು ನಡೆಯಿಸುವ ಗೃಹಗಳೂ ಉಂಟು. ಅಲ್ಲಿ ಸ್ಥಳ ಬೇಕಾದರೆ ಆರಿಸಿದವರ ಹೆಸರುಗಳು ಪ್ರಕಟವಾದ ಮೇಲೆ ಬರೆದರೆ ಆಗದು. ಅರ್ಜಿ ಹಾಕುವಾಗಲೇ ವಿಚಾರಿಸಿಡಬೇಕು. ಈ ವಿಚಾರಣೆಯನ್ನು ಸಣ್ಣ ಊರಿನ ತಂದೆಗಿಂತ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಸಂಘವು ಸುಲಭವಾಗಿ ಮಾಡಬಲ್ಲದು. ಅದಲ್ಲದೆ ಕೋಣೆಯ ಮುಂಗಡಕ್ಕೂ ಮೊದಲ ತಿಂಗಳ ಊಟಕ್ಕೂ ಬೇಕಾಗುವ ಹ���ವನ್ನು ಸಂಘದವರು ಒಂದು ಸಣ್ಣ ನಿಧಿಯಿಂದ ಬಡ್ಡಿಯಿಲ್ಲದ ಸಾಲವಾಗಿ ಕೊಡಬಹುದು. ವೇತನ ಬಂದಾಗ ಹುಡುಗಿಯು ಅದನ್ನು ಹಿಂದಿರುಗಿಸುವಳು. ಬರುವ ವರ್ಷ ಅದೇ ಹಣ ಇನ್ನೊಬ್ಬಳಿಗೆ ಆಗುವುದು. ದಾನ ಬೇಡವೆನ್ನುವ ಸ್ವಾಭಿಮಾನದ ಮನೆಗಳೂ ಸಾಲವನ್ನು ಬೇಡವೆನ್ನಲಾರವು. ಈ ಹಣವನ್ನು ರಿಜರ್ವ್ ಬ್ಯಾಂಕಿಗೆ ಹೋಗುವವಳಿಗೆ ಮಾತ್ರ ಕೊಡಬೇಕೆಂದು ನಮ್ಮ ಮತವಲ್ಲ. ಪ್ರಯೋಗಶಾಲೆಗೋ, ನ್ಯಾಯಾಲಯಕ್ಕೋ, ಪತ್ರಿಕಾ ಕಚೇರಿಗೋ ದೂರ ಹೋಗಬೇಕಾದವಳಿಗೂ ಸಲ್ಲಬಹುದು.

ಎಲ್ಲಕ್ಕಿಂತ ಮೊದಲು ಬೇಕಾದುದು ಒಂದು ಪಟ್ಟಿ. ನಮ್ಮ ಶಾಲೆಯಲ್ಲಿ ಓದಿ ಈಗ ಮುಂಬಯಿ, ಠಾಣೆ, ಕಲ್ಯಾಣ, ಪುಣೆ, ದೆಹಲಿ, ಮದರಾಸುಗಳಲ್ಲಿ ಮನೆಮಾಡಿಕೊಂಡಿರುವ ಸೋದರಿಯರು ಅನೇಕರುಂಟು. ಅವರಲ್ಲಿ ಬಹಳ ಮಂದಿಯ ವಿಳಾಸವೇ ನಮ್ಮಲ್ಲಿಲ್ಲ. ಬೇಸಿಗೆಯಲ್ಲಿ ಒಬ್ಬ ಹುಡುಗಿಗೆ ಮೂಲೆಯ ಒಂದು ಕೋಣೆಯನ್ನು ಬಿಟ್ಟುಕೊಡಬಲ್ಲವರು ಹಾಗೆಂದು ಬರೆಯಲಿ; ಅದಾಗದವರು ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗಿ ವಸತಿಗೃಹಕ್ಕೆ ಮುಟ್ಟಿಸಬಲ್ಲೆವೆಂದು ಬರೆದರೂ ಸಾಕು. ಹೆಸರು, ಮದುವೆಗೆ ಮುಂಚಿನ ಹೆಸರು, ಶಾಲೆ ಬಿಟ್ಟ ವರ್ಷ, ವಿಳಾಸ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಮುಖ್ಯೋಪಾಧ್ಯಾಯಿನಿಯವರ ಕಚೇರಿಗೆ ಕಳುಹಿಸಬೇಕು. ರಿಜರ್ವ್ ಬ್ಯಾಂಕಿನ ಅರ್ಜಿಯ ಅವಧಿಯು ಡಿಸೆಂಬರ ೧೫ಕ್ಕೆ ಮುಗಿಯುವುದರಿಂದ, ನವೆಂಬರ ತಿಂಗಳೊಳಗಾಗಿ ಆ ಕಾರ್ಡುಗಳು ಬಂದು ಸೇರಿದರೆ ಅನುಕೂಲವಾಗುವುದು.